ಜಾರಿ ಮಾಡಲಾಗದ ಕಲಂ ಪುಸ್ತಕದಲ್ಲಿದ್ದರೆ ಯಾರ ಗಂಟು ಹೋಗುತ್ತೆ? ಸಲಿಂಗ ಸಂಬಂಧದ ಹಳೇ ಕಾನೂನುಗಳ ನಿರಸನದ ಬಗ್ಗೆ

ಕಲಂಕಾರಿ

ಟೆಕ್ಸಾಸ್ ರಾಜ್ಯದ ದಂಡಸಂಹಿತೆಯಲ್ಲಿ 21.06 ಅಂತ ಒಂದು ಕಲಂ ಇದೆ. ಒಂದೇ ಲಿಂಗದ ಇಬ್ಬರ ನಡುವಿನ ಲೈಂಗಿಕ ಕ್ರಿಯೆ ಅಪರಾಧ ಅನ್ನೋದು ಅದರ ಸಾರ. ಶಿಕ್ಷೆ 500 ಡಾಲರ್‌ವರೆಗೆ ದಂಡ, ಜೈಲಿಲ್ಲ. ಸರ್ಕಾರದ್ದೇ ಜಾಲತಾಣದಲ್ಲಿ ಈ ಕಲಂ ತೆಗೆದು ನೋಡಿದರೆ, ಲಾರೆನ್ಸ್ ವಿರುದ್ಧ ಟೆಕ್ಸಾಸ್ ಪ್ರಕರಣದಲ್ಲಿ ಇದು ಅಸಾಂವಿಧಾನಿಕ ಅಂತ ತೀರ್ಮಾನವಾಗಿದೆ ಅನ್ನೋ ಟಿಪ್ಪಣಿಯೂ ಪಕ್ಕದಲ್ಲೇ ಇದೆ. ಅಮೆರಿಕದ ಸುಪ್ರೀಂ ಕೋರ್ಟಿನ ಆ ತೀರ್ಪು ಬಂದದ್ದು 2003ರ ಜೂನ್ 26ಕ್ಕೆ. ಅಂದರೆ ಸತ್ತಿದೆ ಅಂತ ಅವರೇ ಬರೆದುಕೊಂಡು, ಹೆಣ ಮಾತ್ರ ಮನೆಯಲ್ಲೇ ಇಟ್ಟುಕೊಂಡಿದ್ದಾರೆ.

ಎರಡು ಪ್ರಶ್ನೆ. ಜಾರಿ ಮಾಡೋ ಹಾಗೇ ಇಲ್ಲ ಅಂದಮೇಲೆ ಶಾಸನಸಭೆಯಲ್ಲಿ ನಿರಸನ (ಕಲಮನ್ನ ಪುಸ್ತಕದಿಂದಲೇ ತೆಗೆಯೋದು) ಮಾಡಿಸೋಕೆ ಅಷ್ಟು ಪಟ್ಟು ಯಾಕೆ? ಮಾಡಿಸುವುದೇ ಆದರೆ ಮಸೂದೆಯಲ್ಲಿ ಏನೇನು ಇರಬೇಕು? ನಮ್ಮ ಹಳೇ ಭಾರತೀಯ ದಂಡಸಂಹಿತೆಯ (ಐಪಿಸಿ) 377, ಅಂದರೆ 'ಪ್ರಕೃತಿ ವಿರುದ್ಧ' ಲೈಂಗಿಕ ಕ್ರಿಯೆಯ ಕಲಮಿನ ಕಥೆ ಗೊತ್ತಿರೋರು ಅದನ್ನೂ ಸೇರಿಸಿ. ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ, ಕಾನೂನಿನ ಯಂತ್ರ ಹೇಗೆ ಓಡುತ್ತೆ ಅನ್ನೋದಷ್ಟೇ ಸಾಕು.

ಬೇಏರಿಯಾ ಭಟ್ರು

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಕೋರ್ಟ್ 'ಹೊಡೆದುಹಾಕಿತು' ಅಂತ ಪತ್ರಿಕೆಯವರು ಬರೀತಾರೆ. ಕೋರ್ಟಿನ ಕೈಯಲ್ಲಿ ರಬ್ಬರ್ ಇರಲ್ಲ. ಈ ಕಲಂ ಪ್ರಕಾರ ಯಾರನ್ನೂ ಶಿಕ್ಷಿಸಬೇಡಿ ಅಂತ ಅದು ಹೇಳಬಹುದು ಅಷ್ಟೆ, ಅಕ್ಷರ ಅಳಿಸುವ ಅಧಿಕಾರ ಶಾಸನಸಭೆಯದು. ಹಾಗಾಗಿ ತೀರ್ಪಿನ ಮರುದಿನವೂ ಪುಸ್ತಕ ಹಾಗೇ ಇರುತ್ತೆ.

2003ರಲ್ಲಿ ಅಮೆರಿಕದ 14 ರಾಜ್ಯಗಳಲ್ಲಿ ಇಂಥ ಕಾನೂನು ಇತ್ತು. ಅದರಲ್ಲಿ ಟೆಕ್ಸಾಸ್, ಕನ್ಸಾಸ್, ಒಕ್ಲಹೋಮಾ, ಮಿಸೌರಿ ನಾಲ್ಕು ರಾಜ್ಯಗಳದ್ದು ಸಲಿಂಗಿಗಳಿಗೆ ಮಾತ್ರ. ಉಳಿದವು 'ಪ್ರಕೃತಿ ವಿರುದ್ಧ' ಅಂತ ಗಂಡು ಹೆಣ್ಣು ಎಲ್ಲರನ್ನೂ ಕಾಗದದ ಮೇಲೆ ಸೇರಿಸಿಕೊಂಡಿದ್ದವು. ತೀರ್ಪಿನ ನಂತರ ಒಂದೊಂದಾಗಿ ತೆಗೆದರು: ಮಿಸೌರಿ 2006, ಮೊಂಟಾನ 2013, ವರ್ಜೀನಿಯಾ 2014, ಅಲಬಾಮಾ ಮತ್ತು ಯೂಟಾ 2019, ಐಡಹೊ 2022. ಮಿನ್ನೆಸೋಟದಲ್ಲಿ ರಾಜ್ಯದ ಕೋರ್ಟೇ 2001ರಲ್ಲಿ ತಡೆದಿತ್ತು, ಪುಸ್ತಕದಿಂದ ಹೋಗಿದ್ದು 2023ರಲ್ಲಿ. ಇಪ್ಪತ್ತೆರಡು ವರ್ಷ ಸುಮ್ಮನೆ ಕೂತಿತ್ತು.

'ಸುಮ್ಮನೆ' ಅನ್ನೋ ಪದ ಎಲ್ಲ ಕಡೆಗೂ ಒಪ್ಪಲ್ಲ. ಲೂಸಿಯಾನದ ಈಸ್ಟ್ ಬ್ಯಾಟನ್ ರೂಜ್‌ನಲ್ಲಿ 2011ರಿಂದ 2013ರವರೆಗೆ ಶೆರಿಫ್ (ಅಲ್ಲಿನ ಸ್ಥಳೀಯ ಪೊಲೀಸ್ ಮುಖ್ಯಸ್ಥ) ಕಚೇರಿಯವರು ಮಫ್ತಿಯಲ್ಲಿ ಪಾರ್ಕಿಗೆ ಹೋಗಿ, ಮಾತಿಗೆಳೆದು, ಮನೆಗೆ ಹೋಗೋಣ ಅಂತ ಒಪ್ಪಿದ ಹತ್ತು ಹನ್ನೆರಡು ಗಂಡಸರನ್ನ ಬಂಧಿಸಿದರು. ದುಡ್ಡಿನ ಮಾತಿಲ್ಲ, ಸಾರ್ವಜನಿಕ ಜಾಗದಲ್ಲಿ ಕ್ರಿಯೆಯೂ ಇಲ್ಲ. ಹಚ್ಚಿದ ಕಲಂ ಹತ್ತು ವರ್ಷದ ಹಿಂದೆ ಸತ್ತದ್ದು. ಜಿಲ್ಲಾ ಪ್ರಾಸಿಕ್ಯೂಟರ್ ಕೇಸು ನಡೆಸಲ್ಲ ಅಂದರು, ಶೆರಿಫ್ ಕ್ಷಮೆ ಕೇಳಿದರು. ಅಷ್ಟರಲ್ಲಿ ಬಂಧನದ ದಾಖಲೆ ಆಗಿಹೋಗಿತ್ತು. ಇಷ್ಟಾದ ಮೇಲೂ 2014ರಲ್ಲಿ ನಿರಸನದ ಮಸೂದೆ ಸದನಕ್ಕೆ ಬಂದಾಗ ಪರ 27, ವಿರುದ್ಧ 66.

ಸಂಶಯ ಸುಬ್ಬಣ್ಣ

ಆದ್ರೆ ಭಟ್ರೇ, ಕೇಸು ನಿಲ್ಲಲಿಲ್ಲ ತಾನೆ? ಕೋರ್ಟಿಗೆ ಹೋದ್ರೆ ಬಿದ್ದುಹೋಗುತ್ತೆ. ಹಾಗಿದ್ಮೇಲೆ ವ್ಯವಸ್ಥೆ ಕೆಲಸ ಮಾಡ್ತು ಅಂತಲೇ ಅರ್ಥ. ಪೊಲೀಸರು ತಪ್ಪು ಕಲಂ ಹಾಕೋದು ಎಲ್ಲ ಕಾನೂನಲ್ಲೂ ಇದ್ದದ್ದೇ.

ಠಾಣೆಬರಹ

ಸುಬ್ಬಣ್ಣ, ಕೇಸು ಬೀಳೋದು ಕೊನೇ ಮೆಟ್ಟಿಲಲ್ಲಿ. ಮೊದಲ ಮೆಟ್ಟಿಲಲ್ಲಿ ಏನಾಗುತ್ತೆ ನೋಡಿ.

ಐಪಿಸಿ 377 ಜಾರಿಯಲ್ಲಿದ್ದಾಗ ಅದು ಸಂಜ್ಞೇಯ, ಜಾಮೀನುರಹಿತ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ವಿಚಾರಣೆ. ಗರಿಷ್ಠ ಶಿಕ್ಷೆ ಜೀವಾವಧಿ. ಸಂಜ್ಞೇಯ ಅಂದರೆ ವಾರಂಟ್ ಇಲ್ಲದೆ ಎತ್ತಿಕೊಂಡು ಹೋಗಬಹುದು. ಜಾಮೀನುರಹಿತ ಅಂದರೆ ಠಾಣೆಯಿಂದ ಹಾಗೇ ಬಿಡೋದು ಹಕ್ಕಲ್ಲ, ಕೋರ್ಟಿಗೆ ಹೋಗಿ ಕೇಳಬೇಕು. ಈ ಎರಡು ಗುಣ ಇದ್ದರೆ ಸಾಕು, ಶಿಕ್ಷೆ ಆಗಬೇಕಾಗಿಲ್ಲ. 'ಮನೆಗೆ ಫೋನ್ ಮಾಡ್ಲಾ, ಆಫೀಸಿಗೆ ಮಾಡ್ಲಾ?' ಅನ್ನೋ ಮಾತಿಗೆ ಬಲ ಬರೋದು ಅಲ್ಲಿಂದ. ಕಲಂ ಕೆಲಸ ಮಾಡೋದು ಚಾರ್ಜ್‌ಶೀಟಲ್ಲಿ ಅಲ್ಲ, ಸ್ಟೇಷನ್ ಬೆಂಚಿನ ಮೇಲೆ.

ಇದನ್ನ ಕಾನೂನು ಬರೆದೋರಿಗೇ ಗೊತ್ತಿತ್ತು ಅನ್ನೋದು ತಮಾಷೆ. ಐಪಿಸಿ 388, 389 ಓದಿ. 'ನಿನ್ನ ಮೇಲೆ ಅಪರಾಧದ ಆರೋಪ ಹೊರಿಸ್ತೀನಿ' ಅಂತ ಹೆದರಿಸಿ ಸುಲಿಗೆ ಮಾಡಿದರೆ ಹತ್ತು ವರ್ಷದವರೆಗೆ. ಆದರೆ ಆ ಬೆದರಿಕೆ 377ರ ಆರೋಪದ್ದಾಗಿದ್ದರೆ ಸುಲಿಗೆ ಮಾಡಿದವನಿಗೆ ಜೀವಾವಧಿಯೂ ಆಗಬಹುದಿತ್ತು. ಈ ಕಲಮನ್ನ ಸುಲಿಗೆಗೆ ಬಳಸ್ತಾರೆ ಅಂತ 1860ರಲ್ಲೇ ಊಹಿಸಿ, ಕಲಂ ಹಾಗೇ ಇಟ್ಟು, ಪಕ್ಕದಲ್ಲಿ ಬೇಲಿ ಕಟ್ಟಿದ್ದರು.

ಸತ್ತ ಕಲಂ ಠಾಣೆಯಲ್ಲಿ ಹೇಗೆ ಬದುಕುತ್ತೆ ಅನ್ನೋದಕ್ಕೆ ಅತಿ ಸ್ಪಷ್ಟ ಉದಾಹರಣೆ ಬೇರೆ ವಿಷಯದ್ದು: ಐಟಿ ಕಾಯ್ದೆಯ 66ಎ, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕೋದನ್ನ ಅಪರಾಧ ಮಾಡಿದ್ದ ಕಲಂ. ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿದ್ದು 2015ರ ಮಾರ್ಚ್ 24. ಆಮೇಲೂ ವರ್ಷಗಟ್ಟಲೆ ಎಫ್‌ಐಆರ್ ಬೀಳುತ್ತಲೇ ಇದ್ದವು. 2021ರ ಜುಲೈನಲ್ಲಿ ವಿಷಯ ಮತ್ತೆ ಕೋರ್ಟಿಗೆ ಬಂದಾಗ ಅಟಾರ್ನಿ ಜನರಲ್ ವೇಣುಗೋಪಾಲ್ ಕೊಟ್ಟ ಕಾರಣ ಕೇಳಿ: ಕಾಯ್ದೆ ಪುಸ್ತಕದಲ್ಲಿ ಕಲಂ ದೊಡ್ಡದಾಗಿ ಕಾಣುತ್ತೆ, ರದ್ದಾಗಿದೆ ಅನ್ನೋದು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ, ಪೊಲೀಸರು ಅಡಿಟಿಪ್ಪಣಿ ನೋಡಲ್ಲ. ಅದೇ ತಿಂಗಳು ಗೃಹ ಸಚಿವಾಲಯ ರಾಜ್ಯಗಳಿಗೆ ಸುತ್ತೋಲೆ ಕಳಿಸ್ತು. 2022ರ ಅಕ್ಟೋಬರಲ್ಲಿ ಕೋರ್ಟ್ ಇನ್ನೊಮ್ಮೆ ಆದೇಶ ಮಾಡಬೇಕಾಯ್ತು. ಏಳೂವರೆ ವರ್ಷ. ಟೆಕ್ಸಾಸಿನ ಆ ಟಿಪ್ಪಣಿ ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಬೇಏರಿಯಾ ಭಟ್ರು

ಮಾಡಿಲ್ಲ. 2009ರಲ್ಲಿ ಟೆಕ್ಸಾಸಿನ ಎಲ್ ಪಾಸೊದಲ್ಲಿ ಒಂದು ಹೋಟೆಲಿನೊಳಗೆ ಇಬ್ಬರು ಗಂಡಸರು ಮುತ್ತು ಕೊಟ್ಟುಕೊಂಡರು ಅಂತ ಗಲಾಟೆ ಆಗಿ, ಬಂದ ಪೊಲೀಸರು ಇದೇ ಕಲಂ ಹೆಸರು ಹೇಳಿ ಹೆದರಿಸಿದರು. ತೀರ್ಪು ಬಂದು ಆಗ ಆರು ವರ್ಷ. ಮುತ್ತು ಆ ಕಲಮಿನ ವ್ಯಾಖ್ಯೆಯೊಳಗೆ ಬರೋದೂ ಇಲ್ಲ, ಅದು ಬೇರೆ ಮಾತು.

ಲಾರೆನ್ಸ್ ಪ್ರಕರಣದ್ದೇ ಒಂದು ವಿವರ ಹೇಳ್ತೀನಿ, ಕಾನೂನಿನವರಿಗೆ ರುಚಿಸುತ್ತೆ. 1998ರಲ್ಲಿ ಹ್ಯೂಸ್ಟನ್‌ನಲ್ಲಿ ಬಂಧನ ಆಯ್ತು. ಕೆಳ ನ್ಯಾಯಾಧೀಶರು ಇಬ್ಬರಿಗೂ ತಲಾ 100 ಡಾಲರ್ ದಂಡ ಹಾಕಿದರು. ಆ ಮೊತ್ತಕ್ಕೆ ಮೇಲ್ಮನವಿ ಹೋಗೋಕೆ ಅವಕಾಶ ಇರಲಿಲ್ಲ. ಆರೋಪಿಗಳ ವಕೀಲರೇ ದಂಡ ಜಾಸ್ತಿ ಮಾಡಿ ಅಂತ ಕೇಳಿ 125 ಮಾಡಿಸಿಕೊಂಡರು! ಆಮೇಲೆ ಮೇಲಿನ ಕೋರ್ಟಲ್ಲಿ ಅದು 200 ಆಯ್ತು. ಸುಬ್ಬಣ್ಣನವರು ಇದನ್ನ ಗಮನಿಸಬೇಕು. ಜಾರಿಯಾಗದ ಕಾನೂನನ್ನ ಪ್ರಶ್ನಿಸೋದು ಜಾರಿಯಾಗುವ ಕಾನೂನಿಗಿಂತ ಕಷ್ಟ. ಶಿಕ್ಷೆಯೇ ಇಲ್ಲದಿದ್ದರೆ 'ನಿಮಗೇನು ತೊಂದರೆ ಆಗಿದೆ?' ಅಂತ ಕೋರ್ಟ್ ಬಾಗಿಲಲ್ಲೇ ತಡೆಯುತ್ತೆ.

ವಕಾಲತ್ತು ಧಾರವಾಡ

ನಾ ಒಂದ್ ಮಾತ್ ಸೇರಸ್ತೀನ್ರಿ. ಸುಬ್ಬಣ್ಣಾರು ಕೋರ್ಟ್ ಐತಲ್ಲ ಅಂತಾರ. ಕೋರ್ಟ್ ಕೊಟ್ಟದ್ದನ್ನ ಕೋರ್ಟೇ ಕಸಗೊಳ್ಳಬಹುದು, ಇದು ನಮ್ಮಲ್ಲೇ ಆಗೇತಿ. ನಾಜ್ ಫೌಂಡೇಶನ್ ಕೇಸಿನಾಗ ದಿಲ್ಲಿ ಹೈಕೋರ್ಟ್ 2009ರ ಜುಲೈ 2ಕ್ಕ 377ರ ವ್ಯಾಪ್ತಿ ಕುಗ್ಗಿಸ್ತು. 2013ರ ಡಿಸೆಂಬರ್ 11ಕ್ಕ ಸುಪ್ರೀಂ ಕೋರ್ಟ್ ಕೌಶಲ್ ತೀರ್ಪಿನಾಗ ಅದನ್ನ ತಿರುವಿ ಹಾಕ್ತು. ನಾಲ್ಕೂವರೆ ವರ್ಷ ಅಪರಾಧ ಅಲ್ಲ ಅಂದವರು ಒಂದು ಬೆಳಗಾದ್ರಾಗ ಮತ್ತ ಅಪರಾಧಿಗಳಾದ್ರು. ಸಂಸತ್ತು ಆ ನಡುವ ಕಲಂ ತಿದ್ದಿದ್ರ ಕೌಶಲ್ ತೀರ್ಪಿಗೆ ತಿರುವಿ ಹಾಕಾಕ ಏನೂ ಇರ್ತಿರಲಿಲ್ಲ. ಮುಂದ 2018ರ ಸೆಪ್ಟೆಂಬರ್ 6ಕ್ಕ ನವತೇಜ್ ಸಿಂಗ್ ಜೋಹರ್ ತೀರ್ಪು ಬಂತು, ಐದೂ ನ್ಯಾಯಮೂರ್ತಿಗಳು ಒಂದೇ ಅಭಿಪ್ರಾಯ.

ಕೆರಿಬಿಯನ್ ದ್ವೀಪದೇಶ ಟ್ರಿನಿಡಾಡಿನ್ದೂ ಹಂಗ. 2018ರ ಏಪ್ರಿಲ್‌ನಾಗ ಅಲ್ಲಿನ ಹೈಕೋರ್ಟ್ ಇಂಥದ್ದೇ ಕಲಂ ಹೊಡೆದು ಹಾಕ್ತು, 2025ರ ಮಾರ್ಚ್‌ನಾಗ ಮೇಲ್ಮನವಿ ನ್ಯಾಯಾಲಯ ಮತ್ತ ಎಬ್ಬಿಸ್ತು. ಏಳು ವರ್ಷ ಶಾಸನಸಭೆ ಆ ಕಲಂ ಮುಟ್ಟಿರಲಿಲ್ಲ.

ಅಮೆರಿಕದಾಗೂ ಗರ್ಭಪಾತದ ಸಾಂವಿಧಾನಿಕ ಹಕ್ಕು ತೆಗೆದುಹಾಕಿದ 2022ರ ಡಾಬ್ಸ್ ತೀರ್ಪಿನಾಗ ನ್ಯಾಯಮೂರ್ತಿ ಥಾಮಸ್ ಬ್ಯಾರೆ ಬರ್ದು, ಲಾರೆನ್ಸ್ ತೀರ್ಪನ್ನೂ ಮರುಪರಿಶೀಲನೆ ಮಾಡಬೇಕು ಅಂದಾರ. ಅದು ಒಬ್ಬರ ಮಾತು, ಬಹುಮತದ್ದಲ್ಲ. ಆದ್ರ ಹಳೇ ಕಲಂ ಎದ್ದು ಬರೋದು ಹೆಂಗಿರ್ತದ ಅನ್ನೋದಕ್ಕ ಅರಿಝೋನಾ ನೋಡ್ರಿ. ಗರ್ಭಪಾತದ ಮ್ಯಾಲಿನ 1864ರ ಕಾಯ್ದೆ. ಅರಿಝೋನಾ ರಾಜ್ಯ ಆಗೋಕಿಂತ ಮೊದಲಿಂದು! 2024ರ ಏಪ್ರಿಲ್ 9ಕ್ಕ ಅಲ್ಲಿನ ಸುಪ್ರೀಂ ಕೋರ್ಟ್ ಇದು ಜಾರಿ ಮಾಡಬಹುದು ಅಂತು. ಮೇ 2ರೊಳಗ ಅವಸರದಾಗ ನಿರಸನ ಮಾಡಬೇಕಾತು. ಐವತ್ತು ವರ್ಷ ಬಿಡುವಿದ್ದಾಗ ಮಾಡಲಿಲ್ಲ.

ಸಂಶಯ ಸುಬ್ಬಣ್ಣ

ಸರಿ, ಆ ಮಟ್ಟಿಗೆ ಒಪ್ಪಿದೆ. ಸಿಂಗಪುರದವರು ವರ್ಷಗಟ್ಟಲೆ 'ಕಾನೂನು ಇರುತ್ತೆ, ಜಾರಿ ಮಾಡಲ್ಲ' ಅಂತ ನಡೆಸಿಕೊಂಡು ಬಂದ್ರಲ್ಲ, ಅಲ್ಲಿ ಏನ್ ಕೆಟ್ಟೋಯ್ತು?

ಸೆರಂಗೂನ್ ಸಾಲು

ಅದನ್ನ ನಾನು ಹೇಳ್ತೀನಿ. ಅಲ್ಲಿನ ದಂಡಸಂಹಿತೆ ನಮ್ಮ ಐಪಿಸಿಯ ತಮ್ಮ, ಕಲಂ ಸಂಖ್ಯೆಯೂ ಅದೇ 377. ಅದರ ಪಕ್ಕದಲ್ಲಿ 1938ರಲ್ಲಿ 377ಎ ಸೇರಿಸಿದರು: ಗಂಡಸರ ನಡುವಿನ 'ಘೋರ ಅಸಭ್ಯತೆ', ಸಾರ್ವಜನಿಕವಾಗಲಿ ಖಾಸಗಿಯಾಗಲಿ, ಎರಡು ವರ್ಷದವರೆಗೆ ಜೈಲು.

2007ರಲ್ಲಿ ಹಳೇ 377 ತೆಗೆದು 377ಎ ಉಳಿಸಿಕೊಂಡರು. ಫಲಿತಾಂಶ ವಿಚಿತ್ರ. ಅದೇ ಕ್ರಿಯೆ ಗಂಡು ಹೆಣ್ಣು ಮಾಡಿದರೆ ಅಪರಾಧ ಅಲ್ಲ, ಇಬ್ಬರು ಗಂಡಸರು ಮಾಡಿದರೆ ಅಪರಾಧ, ಇಬ್ಬರು ಹೆಂಗಸರ ಸುದ್ದಿಯೇ ಕಾನೂನಲ್ಲಿಲ್ಲ. ಪ್ರಧಾನಿ ಲೀ ಸಿಯೆನ್ ಲೂಂಗ್ ಸಂಸತ್ತಿನಲ್ಲಿ, ಕಲಂ ಇರುತ್ತೆ, ಮುತುವರ್ಜಿಯಿಂದ ಜಾರಿ ಮಾಡಲ್ಲ ಅಂದರು. ಅದು ಮಾತು, ಕಾನೂನಲ್ಲ. 2010ರಲ್ಲಿ ಸಾರ್ವಜನಿಕ ಶೌಚಾಲಯದ ಒಂದು ಪ್ರಕರಣದಲ್ಲಿ ಮೊದಲು ಹಾಕಿದ್ದು 377ಎ. ಅದನ್ನ ಪ್ರಶ್ನಿಸಿ ಅರ್ಜಿ ಬಂದ ಮೇಲೆ ಅಶ್ಲೀಲ ವರ್ತನೆಯ ಕಲಮಿಗೆ ಬದಲಾಯಿಸಿದರು. ಆ ಕೆಲಸಕ್ಕೆ ಬೇರೆ ಕಲಂ ಮೊದಲಿಂದಲೂ ಇತ್ತು ಅನ್ನೋದು ಅಲ್ಲೇ ಸಾಬೀತಾಯ್ತು.

2022ರ ಫೆಬ್ರವರಿ 28ಕ್ಕೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಂದು ಅಪರೂಪದ ತೀರ್ಪು ಕೊಟ್ಟಿತು. ಕಲಂ ಸಂವಿಧಾನಬದ್ಧವೋ ಅಲ್ಲವೋ ಅನ್ನೋದನ್ನ ತೀರ್ಮಾನಿಸೋ ಅಗತ್ಯವೇ ಇಲ್ಲ, ಯಾಕಂದ್ರೆ ಅದು ಪೂರ್ತಿಯಾಗಿ ಜಾರಿ ಮಾಡಲಾಗದ ಕಲಂ ಅಂದಿತು. ಕಾರಣ? ಪ್ರಧಾನಿಯ ಮಾತು ಮತ್ತು ಅಟಾರ್ನಿ ಜನರಲ್ 2018ರಲ್ಲಿ ಕೊಟ್ಟ ಹೇಳಿಕೆ. ಆದರೆ ಬಾಲ ನೋಡಿ: ಮುಂದೆ ಯಾವುದಾದರೂ ಅಟಾರ್ನಿ ಜನರಲ್ 'ಇನ್ನುಮೇಲೆ ಜಾರಿ ಮಾಡ್ತೀನಿ' ಅಂತ ಸ್ಪಷ್ಟ ಸೂಚನೆ ಕೊಟ್ಟರೆ ಈ ರಕ್ಷಣೆ ಹೋಗುತ್ತೆ. ಒಬ್ಬ ಅಧಿಕಾರಿಯ ಬಾಯಿಮಾತಿನ ಮೇಲೆ ದೇಶದ ಒಂದು ವರ್ಗ ನಿಂತ ಹಾಗಾಯ್ತು. ಆರು ತಿಂಗಳಲ್ಲಿ, ಆಗಸ್ಟ್ 21ರ ರಾಷ್ಟ್ರೀಯ ದಿನದ ಭಾಷಣದಲ್ಲಿ, ನಿರಸನ ಮಾಡ್ತೀವಿ ಅಂತ ಪ್ರಧಾನಿಯೇ ಘೋಷಿಸಿದರು. ನವೆಂಬರ್ 29ಕ್ಕೆ ಸಂಸತ್ತು 93-3 ಮತಗಳಿಂದ ಪಾಸು ಮಾಡಿತು, 2023ರ ಜನವರಿಯಲ್ಲಿ ಕಲಂ ಪುಸ್ತಕದಿಂದ ಹೋಯ್ತು.

ಬೆಲೆಯೂ ಕೊಟ್ಟರು. ಅದೇ ದಿನ ಸಂವಿಧಾನಕ್ಕೆ 156ನೇ ವಿಧಿ ಸೇರಿಸಿ, ಮದುವೆ ಅಂದರೆ ಗಂಡು ಹೆಣ್ಣಿನದ್ದು ಅನ್ನೋ ವ್ಯಾಖ್ಯೆಯನ್ನ ಮೂಲಭೂತ ಹಕ್ಕುಗಳ ಆಧಾರದಲ್ಲಿ ಕೋರ್ಟಲ್ಲಿ ಪ್ರಶ್ನಿಸದ ಹಾಗೆ ಮಾಡಿದರು. ಕೊಡು ಕೊಳ್ಳುವ ವ್ಯವಹಾರ. ಮತ ಯಾಕೆ ಅಷ್ಟು ಸಲೀಸಾಗಿ ಬಿತ್ತು ಅನ್ನೋದಕ್ಕೆ ಅದೂ ಒಂದು ಉತ್ತರ ಅನ್ನೋದು ನನ್ನ ಲೆಕ್ಕ.

ಹಳೇ ಗೆಜೆಟ್

ಈಗ ಕಲಂಕಾರಿಯವರ ಎರಡನೇ ಪ್ರಶ್ನೆ. '…ನೇ ಕಲಂ ನಿರಸನಗೊಳಿಸಲಾಗಿದೆ' ಅಂತ ಒಂದು ಸಾಲು ಬರೆದರೆ ಮುಗೀತು ಅಂದುಕೊಂಡೋರೇ ಹೆಚ್ಚು. ಕೆಡೋದು ಅಲ್ಲೇ.

ಮೊದಲ ಕೆಲಸ ಹುಡುಕೋದು. ಆ ಕಲಮಿನ ಸಂಖ್ಯೆ ಬೇರೆ ಯಾವ ಕಾನೂನಲ್ಲಿ, ನಿಯಮದಲ್ಲಿ, ನಮೂನೆಯಲ್ಲಿ ಇದೆ? ಸಂಖ್ಯೆ ಇಲ್ಲದೆ ಅದರ ಪದ ಎಲ್ಲಿದೆ? ಟೆಕ್ಸಾಸಿನ ಆರೋಗ್ಯ ಸಂಹಿತೆಯಲ್ಲಿ, ಅಪ್ರಾಪ್ತರ ಲೈಂಗಿಕ ಶಿಕ್ಷಣದ ಸಾಮಗ್ರಿಯಲ್ಲಿ ಸಲಿಂಗ ನಡತೆ ಸ್ವೀಕಾರಾರ್ಹ ಜೀವನಶೈಲಿ ಅಲ್ಲ, 21.06ರ ಪ್ರಕಾರ ಅಪರಾಧ ಅಂತ ಹೇಳಬೇಕು ಅನ್ನೋ ಮಾತಿದೆ. 21.06 ಮಾತ್ರ ತೆಗೆದರೆ ಪಾಠದ ಈ ಸಾಲು ಇಲ್ಲದ ಕಲಂ ತೋರಿಸುತ್ತಾ ಉಳಿಯುತ್ತೆ. ಸಂಖ್ಯೆ ಹುಡುಕೋದು ಕಂಪ್ಯೂಟರ್ ಕೆಲಸ. ಪದ ಹುಡುಕೋದಕ್ಕೆ ಮನುಷ್ಯ ಕೂತು ಓದಬೇಕು.

ಎರಡನೇದು ಜೋಡಿ ಕಲಂ. ಮೇರಿಲ್ಯಾಂಡ್‌ನಲ್ಲಿ 2020ರಲ್ಲಿ ಸೋಡಮಿ (ಗುದಸಂಭೋಗ) ಕಲಂ ತೆಗೆದರು. ಪಕ್ಕದಲ್ಲಿದ್ದ 'ಅಸ್ವಾಭಾವಿಕ ಅಥವಾ ವಿಕೃತ ಲೈಂಗಿಕ ಆಚರಣೆ' ಅನ್ನೋ ಕಲಂ ಉಳೀತು. 2021ರಲ್ಲಿ ಹಾರ್ಫರ್ಡ್ ಕೌಂಟಿಯಲ್ಲಿ ಒಂದು ವಯಸ್ಕರ ಅಂಗಡಿಯ ಮೇಲೆ ದಾಳಿ ಮಾಡಿ ಅದೇ ಉಳಿದ ಕಲಂ ಹಾಕಿದರು. 2023ರಲ್ಲಿ ಅದನ್ನೂ ತೆಗೆಯಬೇಕಾಯ್ತು. ಕಳೆ ಕೀಳುವಾಗ ಬೇರು ಬಿಟ್ಟ ಹಾಗೆ.

ಮೂರನೇದು ಸಮ್ಮತಿ ಇಲ್ಲದ ಕೃತ್ಯ. ಇದು ಎಲ್ಲಕ್ಕಿಂತ ಭಾರದ್ದು. ಹಳೇ 'ಪ್ರಕೃತಿ ವಿರುದ್ಧ' ಕಲಂ ಒಂದೇ ಚೀಲ. ಅದರೊಳಗೆ ಸಮ್ಮತಿಯ ವಯಸ್ಕರು, ಬಲಾತ್ಕಾರ, ಮಕ್ಕಳ ಮೇಲಿನ ದೌರ್ಜನ್ಯ, ಪ್ರಾಣಿಗಳ ಜತೆಗಿನ ಕೃತ್ಯ ಎಲ್ಲ ತುಂಬಿದ್ದರು. ಚೀಲ ಎಸೆಯುವ ಮೊದಲು ಉಳಿದ ಮೂರಕ್ಕೆ ಬೇರೆ ಬೇರೆ ಕಲಂ ಇದೆಯಾ ಅಂತ ನೋಡಬೇಕು. ಇಲ್ಲದಿದ್ದರೆ ಅದೇ ಮಸೂದೆಯಲ್ಲಿ, ಅದೇ ದಿನಾಂಕದಿಂದ ಜಾರಿಗೆ ಬರೋ ಹಾಗೆ ಬರೀಬೇಕು. ವರ್ಜೀನಿಯಾ ಇದನ್ನ ಮಾಡದೆ ಹತ್ತು ವರ್ಷ ಕೂತಿತ್ತು. ಹಳೇ ಕಲಮನ್ನೇ ಅಪ್ರಾಪ್ತರ ಪ್ರಕರಣಗಳಿಗೆ ಬಳಸುತ್ತಿತ್ತು. 2013ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಲಾರೆನ್ಸ್ ತೀರ್ಪಿನ ನಂತರ ಈ ಕಲಂ ಪೂರ್ತಿ ಅಸಿಂಧು, ಅದರ ಮೇಲೆ ನಿಂತ ಶಿಕ್ಷೆಯೂ ನಿಲ್ಲಲ್ಲ ಅಂದಿತು. ಶಿಕ್ಷೆ ಆಗಬೇಕಾದ ಪ್ರಕರಣ ಬಿದ್ದುಹೋದದ್ದು ಸತ್ತ ಕಲಮನ್ನ ನಂಬಿಕೊಂಡಿದ್ದಕ್ಕೆ. 2014ರಲ್ಲಿ ಹೊಸದಾಗಿ ಬರೆದರು. ಮಕ್ಕಳ ರಕ್ಷಣೆಗೆ ಕಲಂ ಇರಲಿ ಅನ್ನೋರಿಗೆ ನಾನು ಕೊಡೋ ಮೊದಲ ಉತ್ತರ ಇದೇ.

ನಾಲ್ಕನೇದು ಸಮ್ಮತಿಯ ವಯಸ್ಸು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲಿ ಅಪರಾಧವನ್ನ ತೆಗೆಯಲಿಲ್ಲ, ವಿನಾಯಿತಿ ಕೊಟ್ಟರು: ಇಬ್ಬರೇ, ಖಾಸಗಿಯಾಗಿ, 21 ದಾಟಿದವರು. ಉಳಿದವರಿಗೆ 16 ಸಾಕಿತ್ತು. 1994ರಲ್ಲಿ 18, 2001ರಲ್ಲಿ 16. ಮೂರು ಕಂತು, ಮೂವತ್ತನಾಲ್ಕು ವರ್ಷ. ವಿನಾಯಿತಿ ಕೊಡೋದು, ನಿರಸನ ಮಾಡೋದು ಎರಡೂ ಒಂದೇ ಅಲ್ಲ. ವಿನಾಯಿತಿಯ ಪ್ರತಿ ಷರತ್ತೂ ಒಂದು ಹೊಸ ಅಪರಾಧ.

ಠಾಣೆಬರಹ

ಹಳೇ ಗೆಜೆಟ್ ಅವರ ಮೂರನೇ ಅಂಶಕ್ಕೆ ನಮ್ಮ ಭಾರತೀಯ ನ್ಯಾಯ ಸಂಹಿತೆಗಿಂತ (ಬಿಎನ್‌ಎಸ್) ದೊಡ್ಡ ಉದಾಹರಣೆ ಬೇಕಾ? ನವತೇಜ್ ತೀರ್ಪು 377ನ್ನ ಪೂರ್ತಿ ತೆಗೆದಿರಲಿಲ್ಲ. ವಯಸ್ಕರ ನಡುವಿನ ಸಮ್ಮತಿಯ ಕ್ರಿಯೆಯನ್ನ ಮಾತ್ರ ಹೊರಗಿಟ್ಟು, ಸಮ್ಮತಿ ಇಲ್ಲದ್ದು ಮತ್ತು ಪ್ರಾಣಿಗಳ ಮೇಲಿನದ್ದು ಹಾಗೇ ಉಳಿಸಿತ್ತು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಿಎನ್‌ಎಸ್ ಬಂತು, 377ಕ್ಕೆ ಸಮನಾದ ಕಲಮೇ ಇಲ್ಲ. ಅತ್ಯಾಚಾರದ 63ನೇ ಕಲಂ ಗಂಡು ಆರೋಪಿ, ಹೆಣ್ಣು ಸಂತ್ರಸ್ತೆ ಅಂತಲೇ ಇದೆ. ಹದಿನೆಂಟರ ಒಳಗಿನವರಾದರೆ ಪೋಕ್ಸೊ ಇದೆ, ಅದು ಹುಡುಗ ಹುಡುಗಿ ಇಬ್ಬರಿಗೂ ಅನ್ವಯ. ತೊಂದರೆ ಹದಿನೆಂಟು ದಾಟಿದ ಗಂಡಸಿಗೆ.

ಅಂಥವನೊಬ್ಬ ಇವತ್ತು ಠಾಣೆಗೆ ಬಂದರೆ ಬರಹಗಾರ ಏನು ಹಾಕ್ತಾನೆ? ಗಾಯ ಆಗಿದ್ದರೆ 115 ಅಥವಾ 117, ಕೂಡಿಹಾಕಿದ್ದರೆ 127, ಬೆದರಿಸಿದ್ದರೆ 351. ಲೈಂಗಿಕ ಅಪರಾಧ ಅಂತ ಹೇಳೋ ಕಲಂ ಒಂದೂ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರಾಗಿದ್ದರೆ 2019ರ ಕಾಯ್ದೆಯ 18ನೇ ಕಲಂ ಇದೆ, ಆದರೆ ಆರು ತಿಂಗಳಿಂದ ಎರಡು ವರ್ಷ ಅಷ್ಟೆ. ಅದೇ ಕೃತ್ಯ ಹೆಣ್ಣಿನ ಮೇಲಾದರೆ ಕನಿಷ್ಠ ಹತ್ತು ವರ್ಷ.

ಇನ್ನೊಂದು ನಷ್ಟದ ಬಗ್ಗೆ ಯಾರೂ ಮಾತಾಡಲ್ಲ. ಗಂಡನ ಮೇಲೆ ಅತ್ಯಾಚಾರದ ಕೇಸು ಹಾಕೋಕೆ ವಿನಾಯಿತಿ ಅಡ್ಡ ಇರೋದರಿಂದ, ಹಲವು ಹೆಂಡಂದಿರ ದೂರಿನಲ್ಲಿ 498ಎ (ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಕಲಂ) ಜತೆ 377 ಸೇರ್ತಿತ್ತು. ಬಿಎನ್‌ಎಸ್‌ನಲ್ಲಿ ಆ ವಿನಾಯಿತಿ ಉಳೀತು, 377 ಹೋಯ್ತು.

ಎಚ್ಚರಿಕೆ ಸಿಕ್ಕಿರಲಿಲ್ಲ ಅನ್ನೋ ಹಾಗೂ ಇಲ್ಲ. ಸಮ್ಮತಿ ಇಲ್ಲದ ಕೃತ್ಯಗಳ ಮಟ್ಟಿಗೆ ಕಲಂ ಉಳಿಸಿ ಅಂತ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲೇ ಬರೆದಿತ್ತು. 2024ರ ಆಗಸ್ಟಲ್ಲಿ ದಿಲ್ಲಿ ಹೈಕೋರ್ಟ್ ಬೇಗ ತೀರ್ಮಾನ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್, ಅಪರಾಧ ಸೃಷ್ಟಿಸೋದು ಸಂಸತ್ತಿನ ಕೆಲಸ ಅಂತ ಅರ್ಜಿ ವಾಪಸ್ ಕಳಿಸ್ತು.

ಸಂಶಯ ಸುಬ್ಬಣ್ಣ

ಹಾಗಾದ್ರೆ 377 ಇರೋದೇ ಚೆನ್ನಾಗಿತ್ತು ಅಂತ ಆಯ್ತಲ್ಲ!

ಹಳೇ ಗೆಜೆಟ್

ಅಲ್ಲ ಸ್ವಾಮಿ. ನಿರಸನ ತಪ್ಪಲ್ಲ, ಬದಲಿ ಇಡದೆ ನಿರಸನ ಮಾಡಿದ್ದು ತಪ್ಪು. 377ರಲ್ಲಿ ಸಮ್ಮತಿ ಅನ್ನೋ ಪದವೇ ಇರಲಿಲ್ಲ. ಬಲಾತ್ಕಾರಕ್ಕೊಳಗಾದ ಗಂಡಸು ದೂರು ಕೊಟ್ಟರೆ, ಪುಸ್ತಕದ ಅಕ್ಷರದ ಪ್ರಕಾರ ಅವನೂ ಅದೇ ಕ್ರಿಯೆಯಲ್ಲಿ ಭಾಗಿ ಅನ್ನೋ ಭಯ 2018ರವರೆಗೂ ಇತ್ತು. ಬೇಕಿರೋದು ಲಿಂಗದ ಹಂಗಿಲ್ಲದ, ಸಮ್ಮತಿಯನ್ನ ನಡುವಿಟ್ಟ ಒಂದು ಕಲಂ. ಅಪರಾಧ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) ಮೊದಲನೇ ನಮೂದು. ಕರ್ನಾಟಕವೂ ತನ್ನ ಮಟ್ಟಿಗೆ ಬಿಎನ್‌ಎಸ್‌ಗೆ ತಿದ್ದುಪಡಿ ತರಬಹುದು, ಆದರೆ ಸಂವಿಧಾನದ 254(2)ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಒಪ್ಪಿಗೆ ಬೇಕು.

ವಕಾಲತ್ತು ಧಾರವಾಡ

ಹಳೇ ಕೇಸುಗಳ ಮಾತು ಇನ್ನೂ ಬಂದಿಲ್ರಿ. ಮಸೂದೆ ಬರಿಯೋರು ಜಾರಿ ಬೀಳೋದು ಇಲ್ಲೇ.

ಕಲಂ ನಿರಸನ ಆದ ತಕ್ಷಣ ಹಳೇ ಕೇಸು ಸಾಯಂಗಿಲ್ಲ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 6ನೇ ಕಲಂ ಏನ್ ಹೇಳ್ತದ? ನಿರಸನಕ್ಕಿಂತ ಮೊದಲು ಹುಟ್ಟಿದ ಹೊಣೆ, ಶಿಕ್ಷೆ, ತನಿಖೆ ಎಲ್ಲಾ ಮುಂದುವರೀತಾವ, ಹೊಸ ಕಾನೂನಿನಾಗ ಬ್ಯಾರೆ ಉದ್ದೇಶ ಕಾಣದಿದ್ರ. ಬಿಎನ್‌ಎಸ್ 358 ಕೂಡ ಅದನ್ನ ಹೇಳ್ತದ. 2024ರ ಜೂನ್ 30ರ ಕೃತ್ಯಕ್ಕ ಇವತ್ತೂ ಐಪಿಸಿನೇ. ಹಂಗಾಗಿ ಸಮ್ಮತಿಯ ಪ್ರಕರಣಗಳು ಮುಕ್ತಾಯ ಆಗ್ಬೇಕು ಅಂತಿದ್ರ ಮಸೂದೆಯೊಳಗ ಬಿಡಿಸಿ ಬರೀಬೇಕು. ನವತೇಜ್ ತೀರ್ಪಿನಾಗ ಬಾಕಿ ಇರೋ ಕೇಸಿನಾಗ ಇದನ್ನ ಬಳಸಬಹುದು, ಮುಗಿದುಹೋದದ್ದನ್ನ ಮತ್ತ ತೆರೆಯಂಗಿಲ್ಲ ಅಂತ ಅದ. ಅಂದ್ರ ಹಿಂದ ಶಿಕ್ಷೆ ಆದವ ಇವತ್ತೂ ದಾಖಲೆಯಾಗ ಅಪರಾಧಿನೇ.

ಜರ್ಮನಿಯವರು ಇದಕ್ಕ ದಾರಿ ಮಾಡ್ಯಾರ. ಗಂಡಸರ ನಡುವಿನ ಸಲಿಂಗ ಸಂಬಂಧದ ಅಲ್ಲಿನ 175ನೇ ಕಲಂ 1994ರಾಗ ಪೂರ್ತಿ ಹೋತು, ಆದ್ರ ಪಶ್ಚಿಮ ಜರ್ಮನಿಯಾಗ ಯುದ್ಧದ ನಂತರ ಶಿಕ್ಷೆ ಆದ ಸುಮಾರು 50,000 ಮಂದಿ ದಾಖಲೆ ಹಂಗ ಉಳೀತು. 2017ರಾಗ ಒಂದು ಕಾಯ್ದೆ ಮಾಡಿ ಆ ಶಿಕ್ಷೆಗಳನ್ನ ಕಾನೂನಿನಿಂದಲೇ ರದ್ದು ಮಾಡಿದ್ರು. ಮ್ಯಾಲ ಪರಿಹಾರ: ಒಂದೊಂದು ಶಿಕ್ಷೆಗೆ 3,000 ಯೂರೊ, ಜೈಲಿನಾಗ ಕಳೆದ ಪ್ರತಿ ವರ್ಷಕ್ಕ 1,500. ಕಲಂ ಹೋದ 23 ವರ್ಷಕ್ಕ ಇದು ಬಂತು. ಅಷ್ಟೊತ್ತಿಗೆ ಎಷ್ಟು ಮಂದಿ ತೀರಿಕೊಂಡಿರಬೇಕು, ಯೋಚನೆ ಮಾಡ್ರಿ.

ಬೇಏರಿಯಾ ಭಟ್ರು

ದಾಖಲೆ ಅಂದಾಗ ನೆನಪಾಯ್ತು, ಐಡಹೊ. ಅಲ್ಲಿನ 'ಪ್ರಕೃತಿ ವಿರುದ್ಧ ಅಪರಾಧ'ಕ್ಕೆ ಕನಿಷ್ಠ ಐದು ವರ್ಷ, ಗರಿಷ್ಠ ಜೀವಾವಧಿ. 2003ರ ನಂತರ ಸಮ್ಮತಿಯ ವಯಸ್ಕರ ಮೇಲೆ ಅದನ್ನ ಹಾಕೋ ಹಾಗಿರಲಿಲ್ಲ. ಆದರೆ ಬೇರೆ ರಾಜ್ಯದಲ್ಲಿ ದಶಕಗಳ ಹಿಂದೆ ಇಂಥದ್ದೇ ಕಲಮಿನಲ್ಲಿ ಶಿಕ್ಷೆಯಾದವರು ಐಡಹೊಗೆ ಮನೆ ಬದಲಾಯಿಸಿದರೆ, 'ನಮ್ಮ ಪುಸ್ತಕದಲ್ಲೂ ಸಮನಾದ ಅಪರಾಧ ಇದೆ' ಅಂತ ಲೈಂಗಿಕ ಅಪರಾಧಿಗಳ ಪಟ್ಟಿಗೆ ಸೇರಿಸುತ್ತಿದ್ದರು. ಜಾರಿ ಮಾಡಲಾಗದ ಕಲಂ ಅಳತೆಗೋಲಾಗಿ ಕೆಲಸ ಮಾಡ್ತಿತ್ತು! 2020ರಲ್ಲಿ ದಾವೆ ಬಿತ್ತು, 2022ರಲ್ಲಿ ಶಾಸನಸಭೆ ಕಲಂ ತೆಗೀತು. ಮೊಂಟಾನ ಇನ್ನೂ ವಿಶೇಷ. ಅಲ್ಲಿ 2013ರಲ್ಲೇ ಕಲಂ ಹೋಗಿತ್ತು, ನೋಂದಣಿ ಮಾತ್ರ ಮುಂದುವರಿದಿತ್ತು, ಅದಕ್ಕೆ ಇನ್ನೊಂದು ದಾವೆ ಬೇಕಾಯ್ತು.

ಕಲಂಕಾರಿ

ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷೆ ಇರಲಿಲ್ಲ. ನಮ್ಮ ರಾಜ್ಯದ ಕಾನೂನುಗಳಲ್ಲಿ ಇಂಥ ಬೇರು ಉಳಿದಿದೆಯಾ?

ಹಳೇ ಗೆಜೆಟ್

ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 36ಎ. ಇದು ಬ್ರಿಟಿಷರ ಕಾಲದ್ದಲ್ಲ, 2011ರಲ್ಲಿ ಸೇರಿಸಿದ್ದು. ಹಿಜಡಾ ಸಮುದಾಯದವರ ಹೆಸರು ವಿಳಾಸದ ನೋಂದಣಿ ಪುಸ್ತಕ ಇಡೋ ಅಧಿಕಾರ ಪೊಲೀಸ್ ಆಯುಕ್ತರಿಗೆ. ಯಾರ ಹೆಸರು ಬರೀಬೇಕು ಅನ್ನೋದಕ್ಕೆ ಒಂದು ಮಾನದಂಡ 'ಅಸ್ವಾಭಾವಿಕ ಅಪರಾಧ ಮಾಡುವ ಶಂಕೆ'. ಭಾಷೆ ನೇರವಾಗಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯದು. ಹೈಕೋರ್ಟಲ್ಲಿ ಪ್ರಶ್ನೆ ಬಂದ ಮೇಲೆ ಸಮುದಾಯದ ಹೆಸರಿದ್ದ ಕಡೆ 'ವ್ಯಕ್ತಿಗಳು' ಅಂತ ತಿದ್ದಿದರು. ಪದ ಹೋಯ್ತು, ಕಲಂ ಉಳೀತು. ನೆರೆಯ ತೆಲಂಗಾಣದಲ್ಲಿ ಇಂಥದ್ದೇ ನಿಜಾಮರ ಕಾಲದ ಕಾಯ್ದೆ ಇತ್ತು, ಅದನ್ನ ಅಲ್ಲಿನ ಹೈಕೋರ್ಟ್ 2023ರ ಜುಲೈನಲ್ಲಿ ಪೂರ್ತಿ ಅಸಾಂವಿಧಾನಿಕ ಅಂತ ರದ್ದು ಮಾಡಿತು.

ಕೇಂದ್ರದ ಕಡೆ ಸೇನಾ ಕಾಯ್ದೆ 1950ರ 46(ಎ) ನೋಡಿ: 'ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ' ನಡತೆಗೆ ಏಳು ವರ್ಷದವರೆಗೆ. ನವತೇಜ್ ತೀರ್ಪು ಇದನ್ನ ಮುಟ್ಟಿಲ್ಲ.

ಠಾಣೆಬರಹ

ಬಿಎನ್‌ಎಸ್ ಒಳಗೇ ಎರಡು ಕಡೆ ಇದೆ, ಗಮನಿಸಿದ್ದೀರಾ? 38ನೇ ಕಲಂ, ಸ್ವರಕ್ಷಣೆಗಾಗಿ ಪ್ರಾಣ ತೆಗೆಯಬಹುದಾದ ಸಂದರ್ಭಗಳ ಪಟ್ಟಿ. ಅದರಲ್ಲಿ 'ಅಸ್ವಾಭಾವಿಕ ಕಾಮ'ದ ಉದ್ದೇಶದ ಹಲ್ಲೆ ಒಂದು. ಇನ್ನೊಂದು 140(4), ಅದೇ 'ಅಸ್ವಾಭಾವಿಕ ಕಾಮ'ಕ್ಕೆ ಗುರಿ ಮಾಡಲು ಅಪಹರಣ, ಹತ್ತು ವರ್ಷದವರೆಗೆ. ಸುಲಿಗೆಯ 308ರಲ್ಲಿ ಹಳೇ 377ರ ಬಾಲ ಸರಿಯಾಗಿ ಕತ್ತರಿಸಿದ್ದಾರೆ. ಅಂದರೆ ಸಂಖ್ಯೆ ಹುಡುಕಿದ್ದಾರೆ, ಪದ ಹುಡುಕಿಲ್ಲ. ಗಂಡಸಿನ ಮೇಲೆ ಆ ಹಲ್ಲೆ ಆಗುವಾಗ ಅವನು ತಿರುಗಿಬಿದ್ದು ಕೊಂದರೂ ಕಾನೂನು ಕಾಯುತ್ತೆ. ಅವನು ಕೊಲ್ಲದೆ ಠಾಣೆಗೆ ಬಂದು ದೂರು ಕೊಟ್ಟರೆ ಹಾಕೋಕೆ ಲೈಂಗಿಕ ಅಪರಾಧದ ಕಲಂ ಇಲ್ಲ.

ವಕಾಲತ್ತು ಧಾರವಾಡ

ಆ 38 ಹಂಗ ತೆಗೆದು ಬಿಡೋಂಗಿಲ್ರಿ, ತೆಗೆದ್ರ ಇದ್ದ ಒಂದು ರಕ್ಷಣೆಯೂ ಹೋಗ್ತದ. 'ಅಸ್ವಾಭಾವಿಕ ಕಾಮ' ಹೊಡೆದು ಆ ಜಾಗದಾಗ 'ಸಮ್ಮತಿ ಇಲ್ಲದ ಲೈಂಗಿಕ ಕೃತ್ಯದ ಉದ್ದೇಶದ ಹಲ್ಲೆ' ಅಂತ ಬರೀಬೇಕು, 140(4)ರಾಗೂ ಅದನ್ನ. ಸಮ್ಮತಿಯ ವ್ಯಾಖ್ಯೆ 63ರ ವಿವರಣೆಯಾಗ ತಯಾರ್ ಅದ, 'ಮಹಿಳೆ' ಇದ್ದಲ್ಲಿ 'ವ್ಯಕ್ತಿ' ಅಂತ ಮಾಡಿ ಎತ್ಕೊಂಡ್ರ ಆತು.